ದುಃಖಕ್ಕೆ ಹತ್ತರಲ್ಲಿ ಒಂಬತ್ತು

ಹೋದ ವಾರ ಹೋಟೆಲಿಗೆ ಬಣ್ಣ ಹೊಡೆಸುವುದಿತ್ತು. ಅಡುಗೆಮನೆಯ ಅಟ್ಟ ಖಾಲಿ ಮಾಡಿಸುತ್ತಾ ನಾನು ಕೆಳಗೆ ನಿಂತು ಕೂಗಾಡುತ್ತಿದ್ದೆ. ಹಿಡಿಕೆ ಕಿತ್ತ ಬಾಣಲೆ, ತೂತು ಬಿದ್ದ ಇಡ್ಲಿ ತಟ್ಟೆ, ಯಾವ ಕಾಲದ್ದೋ ರುಬ್ಬುಗುಂಡು, ಒಂದೊಂದಾಗಿ ಇಳಿದವು. ಎಲ್ಲದರ ಹಿಂದೆ ಒಂದು ನೀಲಿ ಡ್ರಮ್ಮಿನ ಮುಚ್ಚಳ. ಹೊಸದಾಗಿ ಊರಿಂದ ಬಂದ ಅಡುಗೆ ಭಟ್ಟರು ಅದನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಓದಿ, ಏಣಿಯ ಮೇಲೆಯೇ ನಿಂತುಬಿಟ್ಟರು.

“ಅಕ್ಕ, ಇದೆಂಥ? ‘ದುಃಖ’ ಅಂತ ಬರ್ದಿದ್ದಾರಲ್ಲ! ಇಲ್ಲಿ ಯಾರಾದ್ರೂ ತೀರಿಹೋಗಿದ್ರಾ?”

ನನಗೆ ನಗು ತಡೆಯಲಿಲ್ಲ. ಮಗುಚಿಟ್ಟ ಹಂಡೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಭಟ್ಟರು ಇನ್ನಷ್ಟು ಹೆದರಿದರು. ಬಿಳಿ ಆಯಿಲ್ ಪೇಂಟಿನಲ್ಲಿ ಬರೆದ ಅಕ್ಷರ, ಒಂದನೇ ಕ್ಲಾಸಿನ ಮಕ್ಕಳಿಗೆ ಬೋರ್ಡಿನ ಮೇಲೆ ಬರೆಯುವಂಥ ದುಂಡು ಅಕ್ಷರ. ವಿಸರ್ಗದ ಎರಡು ಚುಕ್ಕೆಗಳನ್ನು ಮಾತ್ರ ಬ್ರಶ್ಶಿನಲ್ಲಿ ಇಟ್ಟದ್ದಲ್ಲ, ಬೆರಳನ್ನೇ ಬಣ್ಣಕ್ಕೆ ಅದ್ದಿ ಒತ್ತಿದ್ದು. ಇಷ್ಟು ವರ್ಷದ ಮೇಲೂ ಬೆರಳಿನ ಗೆರೆಗಳು ಹಾಗೇ ಇವೆ. ಮುಚ್ಚಳವನ್ನು ಮೂಗಿನ ಹತ್ತಿರ ಹಿಡಿದೆ. ಯಾವ ವಾಸನೆಯೂ ಇಲ್ಲ. “ವಾಸನಿ ಬರಲಿಲ್ಲಂದ್ರ ಪಾಸ್” ಅನ್ನುತ್ತಿದ್ದರು ನಮ್ಮ ಅಕ್ಕೋರು...

ಧಾರವಾಡದ ಕಡೆಯವರು ಹೆಣ್ಣು ಟೀಚರನ್ನು ಅಕ್ಕೋರು ಅನ್ನುತ್ತಾರೆ. ನಮ್ಮ ಹೋಟೆಲು ಇರುವುದು ಪುಣೆ ಕ್ಯಾಂಪಿನ ಒಂದು ಹಳೇ ಕಟ್ಟಡದಲ್ಲಿ. ಕೆಳಗೆ ಹೋಟೆಲು, ಮೇಲೆ ಎರಡು ಮನೆ. ಒಂದರಲ್ಲಿ ನಾವು ಗಂಡ ಹೆಂಡತಿ, ಎದುರಿನದರಲ್ಲಿ ಅಕ್ಕೋರು. ಇಲ್ಲಿನ ಕನ್ನಡ ಶಾಲೆಯಲ್ಲಿ ಜೀವಮಾನವೆಲ್ಲ ಸಣ್ಣ ಮಕ್ಕಳಿಗೆ ಪಾಠ ಹೇಳಿ ರಿಟೈರಾದವರು. ಮದುವೆಯಾಗಿರಲಿಲ್ಲ. ಯಾಕೆ ಅಂತ ಒಮ್ಮೆ ಬಾಯಿಬಿಟ್ಟು ಕೇಳಿದ್ದೆ. “ವ್ಯಾಳ್ಯಾ ಸಿಗಲಿಲ್ಲವಾ” ಅಂದರು. ಅಷ್ಟೇ, ಮಾತು ಮುಗಿಯಿತು.

ನಾನು ಕುಂದಾಪುರದ ಕಡೆಯವಳು. ಹೋಟೆಲು ಮಾವ ಕಟ್ಟಿದ್ದು. ಮಾವ ಹೋದ ಮೇಲೆ ಗಂಡ ಗಲ್ಲಾದಲ್ಲಿ ಕೂತರು, ನಾನು ಅಡುಗೆಮನೆಗೆ ಇಳಿದೆ. ಅವರು ತಣ್ಣಗಿನ ಮನುಷ್ಯ, ಯಾರು ಏನು ಹೇಳಿದರೂ “ನೋಡೋಣ” ಅನ್ನುವವರು. ನನಗೋ ಮೂಗಿನ ತುದಿಯಲ್ಲೇ ಕೋಪ. ಎಂಟು ಹತ್ತು ವರ್ಷದ ಹಿಂದೆ ಅಡುಗೆಗೆ ಇನ್ನೊಬ್ಬರು ಭಟ್ಟರಿದ್ದರು, ವಯಸ್ಸಾದವರು, ಬಹಳ ಸಾಧು. ಪುಣೆಗೆ ಬಂದು ವರ್ಷವೂ ಆಗಿರಲಿಲ್ಲ, ಮರಾಠಿ ಅಂದರೆ ಕೈಕಾಲು ನಡುಗುತ್ತಿತ್ತು. ಎಲ್ಲರೂ ಮೊಬೈಲಿನಲ್ಲಿ ಮಾತಾಡುವ ಕಾಲದಲ್ಲೂ ಆ ಮನುಷ್ಯ ತಿಂಗಳಿಗೊಂದು ಪತ್ರ ಬರೆದು ರಸ್ತೆ ಮೂಲೆಯ ಕೆಂಪು ಡಬ್ಬಿಗೆ ಹಾಕಿ ಬರುತ್ತಿದ್ದರು. ಅದನ್ನು ಪತ್ರ ಅನ್ನುತ್ತಿರಲಿಲ್ಲ, ‘ಓಲೆ’ ಅನ್ನುತ್ತಿದ್ದರು. “ಅಮ್ಮನಿಗೆ ಓಲೆ ಹಾಕಿ ಬರ್ತೇನೆ” ಅಂತ ಹೊರಟರೆ ನಾವೆಲ್ಲ ಕೀಟಲೆ ಮಾಡುತ್ತಿದ್ದೆವು. ಈ ಓಲೆಯೇ ಮುಂದೆ ನಮ್ಮ ಜೀವ ಬಾಯಿಗೆ ತಂದದ್ದು.

ಅಕ್ಕೋರ ಅಡುಗೆಮನೆಯ ಕಿಟಕಿ ಇದ್ದದ್ದು ಸರಿಯಾಗಿ ನಮ್ಮ ಹೋಟೆಲಿನ ಹಿತ್ತಲ ಮೇಲೆ. ಹಿತ್ತಲಲ್ಲಿ ಮೂರು ದೊಡ್ಡ ಬುಟ್ಟಿ ಇಟ್ಟಿದ್ದೆವು. ಈರುಳ್ಳಿ ಸಿಪ್ಪೆ, ಚಹಾದ ಗಸಿ, ಉಳಿದ ಸಾಂಬಾರು, ಹಾಲಿನ ಪ್ಯಾಕೆಟ್ಟು, ಕಾಗದದ ಕಪ್ಪು, ಬಾಳೆ ಎಲೆ, ಎಲ್ಲ ಒಟ್ಟಿಗೆ. ಗಾಡಿ ಬಂದರೆ ಬಂತು, ಬಾರದ ದಿನ ತುಂಬಿ ಹರಿಯುತ್ತಿತ್ತು. ಬಿಸಿಲು ಏರಿದ ಹಾಗೆ ಅಕ್ಕೋರು ಕಿಟಕಿಯನ್ನು ಢಬ್ ಅಂತ ಮುಚ್ಚುತ್ತಿದ್ದರು. ಆ ಢಬ್‌ನಲ್ಲೇ ಬೈಗುಳ ಇರುತ್ತಿತ್ತು. ನಾನು ಕೇಳಿಯೂ ಕೇಳದವಳ ಹಾಗೆ ಇರುತ್ತಿದ್ದೆ. ಹೋಟೆಲೆಂದ ಮೇಲೆ ಕಸ ಆಗದೆ ಇರುತ್ತದೆಯೇ ಅಂತ ನನ್ನ ವಾದ.

ಒಂದು ದಿನ ಮಧ್ಯಾಹ್ನ, ಊಟದ ಹೊತ್ತಿನ ಗಲಾಟೆಯಲ್ಲಿ, ಕಸದ ಕಚೇರಿಯಿಂದ ಸಾಹೇಬರೊಬ್ಬರು ಬಂದರು. ಕೈಯಲ್ಲಿ ಎರಡು ಕಾಗದ. ಮುಖದಲ್ಲಿ ನಗು ತಡೆದುಕೊಂಡ ಬಿಗಿ.

“ವಹಿನಿ, ಹಾ ಸುಖ-ದುಃಖಾಚಾ ಕಾಯ ಪ್ರಕಾರ ಆಹೇ?” ಅಂದರು. ಇದೇನಮ್ಮ ಸುಖದುಃಖದ ವಿಷಯ ಅಂತ.

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಮೊದಲನೇ ಕಾಗದ ಓದಿದರು. ಅದು ನಮ್ಮ ಮೇಲೆ ಯಾರೋ ಕೊಟ್ಟ ದೂರು. ಮರಾಠಿಯಲ್ಲಿ ಬರೆದದ್ದು: ‘ಈ ಹೋಟೆಲಿನವರು ಸುಖ ಮತ್ತು ದುಃಖವನ್ನು ಬೇರೆ ಮಾಡದೆ, ಎರಡನ್ನೂ ಕಲಸಿ ದಿನಾಲು ನನ್ನ ಕಿಟಕಿಯ ಕೆಳಗೆ ಹಾಕುತ್ತಾರೆ. ದಯಮಾಡಿ ಬಿಡುಗಡೆ ಕೊಡಿಸಬೇಕು.’ ಕಚೇರಿಯಲ್ಲಿ ಮೊದಲು ಇದು ಗಂಡಹೆಂಡಿರ ಜಗಳ ಅಂದುಕೊಂಡರಂತೆ, ಆಮೇಲೆ ಯಾರೋ ಆಶ್ರಮದವರು ಬರೆದದ್ದು ಅಂದುಕೊಂಡರಂತೆ. ಕೊನೆಗೆ ಒಬ್ಬ ಗುಮಾಸ್ತರಿಗೆ ಹೊಳೆಯಿತಂತೆ. ಮರಾಠಿಯಲ್ಲಿ ಒಣ ಕಸಕ್ಕೆ ‘ಸುಕಾ ಕಚರಾ’, ಹಸಿ ಕಸಕ್ಕೆ ‘ಓಲಾ ಕಚರಾ’. ಬರೆದವರು ಸುಕಾ ಅನ್ನುವುದನ್ನು ಸುಖ ಮಾಡಿದ್ದಾರೆ!

ಸಾಹೇಬರು ಅಲ್ಲಿಗೆ ನಗು ನಿಲ್ಲಿಸಿ ಎರಡನೇ ಕಾಗದ ಕೊಟ್ಟರು. ಅದು ನೋಟೀಸು. ಒಂದು ತಿಂಗಳಲ್ಲಿ ಕಸ ಬೇರ್ಪಡಿಸಿ, ಹಸಿ ಕಸವನ್ನು ನಮ್ಮ ಜಾಗದಲ್ಲೇ ಗೊಬ್ಬರ ಮಾಡುವ ಏರ್ಪಾಡು ಆಗಬೇಕು. ಆಗದಿದ್ದರೆ ಹೋಟೆಲಿಗೆ ಬೀಗ. ಗಲ್ಲಾದ ಮೇಲೆ ಮಾವನ ಫೋಟೋ ಇತ್ತು. ಗಂಡ ಅದರ ಕಡೆ ನೋಡಲಿಕ್ಕೂ ಆಗದೆ ತಲೆ ತಗ್ಗಿಸಿ ಕೂತುಬಿಟ್ಟರು. ನಮಗೆ ಬೇರೆ ಕಸುಬು ಗೊತ್ತಿಲ್ಲ, ಬೇರೆ ಊರೂ ಗೊತ್ತಿಲ್ಲ.

ಕಿಟಕಿಯ ಕೆಳಗೆ ಅಂದ ಮೇಲೆ ಯಾರ ದೂರು ಅಂತ ಕೇಳಬೇಕೆ? ಕೈಯಲ್ಲಿದ್ದ ಸೌಟನ್ನೂ ಇಡದೆ ಮೆಟ್ಟಿಲು ಹತ್ತಿದೆ. ಬಾಗಿಲು ಬಡಿದೆ. ಅಕ್ಕೋರು ತೆರೆದದ್ದೇ ತಡ, ಬಾಯಿಗೆ ಬಂದಂತೆ ಬೈದೆ. ನಮ್ಮ ಅನ್ನಕ್ಕೆ ಮಣ್ಣು ಹಾಕಿದಿರಿ ಅಂದೆ. ಒಂದೇ ಭಾಷೆಯವರು ಅಂತ ಕೂಡ ನೋಡಲಿಲ್ಲ ಅಂದೆ. ಅವರು ಪೂರಾ ಕೇಳಿಸಿಕೊಂಡರು. ನನಗೆ ಉಸಿರು ಕಟ್ಟಿ ನಿಂತಾಗ ಒಳಗಿಂದ ಒಂದು ತಟ್ಟೆ ತಂದು ಮುಂದೆ ಹಿಡಿದರು.

“ಮೊದಲ ಆ ಸೌಟು ಇದರಾಗ ಇಡವಾ. ಸಾಂಬಾರು ಸೋರ್ಲಿಕ್ಕತ್ತದ.”

ನೋಡಿಕೊಂಡೆ. ಅವರ ಹೊಸ್ತಿಲ ರಂಗೋಲಿಯ ಮೇಲೆಲ್ಲ ಸಾಂಬಾರು.

“ಹೌದು, ನಾನ ಬರದೀನಿ” ಅಂದರು. “ಮೂರು ಸಲ ನಿಮ್ಮ ಯಜಮಾನರಿಗೆ ಹೇಳಿದೆ, ಮೂರೂ ಸಲ ‘ನೋಡೋಣ’ ಅಂದ್ರು. ನಾಲ್ಕನೇ ಸಲ ಸರಕಾರಕ್ಕ ಹೇಳಿದೆ. ಹೋಟ್ಲು ಮುಚ್ಚಲಿ ಅಂತ ಅಲ್ಲವಾ. ನಿಮ್ಮ ಇಡ್ಲಿ ಇಲ್ಲದ ನನಗ ಮುಂಜಾನಿ ಆಗ್ತದೇನು? ತಿಂಗಳದ ವ್ಯಾಳ್ಯಾ ಕೊಟ್ಟಾರಲ್ಲ, ಭಾಳ ಆತು. ತಿಂಗಳದಾಗ ನಾನು ‘ಅ’ ಬಾರದವರಿಗೆ ಕಾಗುಣಿತ ಕಲಿಸೀನಿ. ನಾಳೆ ಮುಂಜಾನೆ ಏಳಕ್ಕ ಬರ್ತೀನಿ, ಎಲ್ಲಾರೂ ಸಾಲಾಗಿ ನಿಂದರ್ರಿ.”

ದೂರು ಕೊಟ್ಟವರೇ ಬಂದು ಸರಿಮಾಡುತ್ತಾರಂತೆ! ಆ ಹೊತ್ತು ನನಗೆ ಮೈಯೆಲ್ಲ ಉರಿದಿತ್ತು. ಆದರೆ ಬೇರೆ ದಾರಿ ಏನಿತ್ತು?

ಮಾರನೇ ದಿನ ಸರಿಯಾಗಿ ಏಳಕ್ಕೆ ಅಕ್ಕೋರು ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ, ಬ್ರಶ್ಶು. ಒಂದು ನೀಲಿ ಡ್ರಮ್ಮಿಗೆ ಸುತ್ತ ತೂತು ಕೊರೆಸಿ ಇಡಿ ಅಂತ ಹಿಂದಿನ ದಿನವೇ ಹೇಳಿ ಕಳಿಸಿದ್ದರು. ಅದರ ಮುಚ್ಚಳದ ಮೇಲೆ ‘ದುಃಖ’ ಅಂತ ಬರೆದರು. ವಿಸರ್ಗ ಇಡುವಾಗ ಬ್ರಶ್ಶಿನ ಕೂದಲು ಕಿತ್ತುಬಂತು, ಬೆರಳು ಅದ್ದಿ ಎರಡು ಸಲ ಒತ್ತಿದರು. ಒಣ ಕಸದ ಬುಟ್ಟಿಗೆ ‘ಸುಖ’.

ನನಗೆ ತಡೆಯಲಾಗಲಿಲ್ಲ. “ಅಕ್ಕೋರೇ, ಅದು ಸುಖ ಅಲ್ಲ, ಸುಕಾ. ಒಣದು ಅಂತ ಅರ್ಥ.”

“ದಿನಾ ಗಾಡಿ ಬಂದು ಒದರ್ತದಲ್ಲವಾ, ಸುಖಾ ಕಚರಾ ಬ್ಯಾರೆ ಇಡ್ರಿ ಅಂತ. ಸುಖ ಬ್ಯಾರೆ ಇಟ್ಟ ಮ್ಯಾಲೆ ಉಳಿದದ್ದು ಏನು? ವಿರುದ್ಧ ಪದ ಹೇಳು.”

“...ದುಃಖ” ಅಂದೆ, ಬೆಂಚಿನ ಮೇಲೆ ನಿಲ್ಲಿಸಿದವಳ ಹಾಗೆ.

“ಶಾಣ್ಯಾಕಿ.”

“ಅಲ್ಲ ಅಕ್ಕೋರೇ, ಮರಾಠಿಯಲ್ಲಿ ನಿಜವಾಗಿಯೂ...”

ಮೂವತ್ತು ವರ್ಷದಿಂದ ಪುಣೆಯಲ್ಲಿದ್ದವರಿಗೆ ತಮ್ಮ ತಪ್ಪು ಆ ಗಳಿಗೆಯಲ್ಲಿ ತಿಳಿಯಿತು ಅಂತ ಕಾಣುತ್ತದೆ, ಕಿವಿ ಕೆಂಪಾಯಿತು. ಗಾಡಿಯ ಮೈಕು ಒಡಕು, ಅವರ ಶಾಲೆಯೂ ಕನ್ನಡ, ಸಂತೆಯಲ್ಲಿ ಮಾತಾಡುವಷ್ಟೇ ಮರಾಠಿ. ಆಮೇಲೆ ಬ್ರಶ್ಶು ಕೊಡವಿ ಹೇಳಿದರು: “ಹಂಗಂತೀ? ಇರಲಿ ಬಿಡು. ನಂದ ಛಲೋ ಅದ.”

ಅಲ್ಲೇ ಶುರುವಾಯಿತು ಪಾಠ. ಭಟ್ಟರು, ಪಾತ್ರೆ ತೊಳೆಯುವ ಮರಾಠಿ ಹೆಂಗಸು, ನಾನು, ನನ್ನ ಗಂಡ, ಎಲ್ಲರೂ ಸಾಲಾಗಿ. “ನೋಡ್ರಿ, ದುಃಖ ಯಾವಾಗಲೂ ಹಸೀ ಇರ್ತದ. ಅದನ್ನ ಮನ್ಯಾಗ ಇಟಗೋಬೇಕು. ಒಣಾ ಎಲಿ ಹೊಚ್ಚಬೇಕು, ಗಾಳಿ ಆಡಿಸಬೇಕು, ನಲವತ್ತು ದಿವಸ ಕಾಯಬೇಕು, ತಾನ ಮಣ್ಣಾಗ್ತದ. ಸುಖ ಹಂಗಲ್ಲ. ಎಷ್ಟು ದಿವಸ ಇಟ್ರೂ ಹಂಗ ಇರ್ತದ. ಅದನ್ನ ಕಟ್ಟಿ ಇಟಗೋಬಾರದು, ತೊಳದು ಮಂದಿಗೆ ಕೊಡಬೇಕು.” ಪಾತ್ರೆ ತೊಳೆಯುವವಳಿಗೆ ಕನ್ನಡ ಬಾರದು, ಆದರೂ ಅವಳೇ ಎಲ್ಲರಿಗಿಂತ ಮೊದಲು ತಲೆ ಆಡಿಸಿದಳು. ಸುಖ ಕೊಡುವುದು ಯಾರಿಗೆ ಅಂದರೆ, ಬೀದಿಯಲ್ಲಿ ಗುಜರಿ ಸಾಮಾನು ಆರಿಸುವ ಹೆಂಗಸಿಗೆ. ಮರಾಠಿಯಲ್ಲಿ ಗುಜರಿಗೆ ‘ಭಂಗಾರ’ ಅನ್ನುತ್ತಾರೆ. ಅಕ್ಕೋರು ಅದನ್ನು ಬೇಕಂತಲೇ ಬಂಗಾರ ಅಂತಲೇ ಹೇಳುತ್ತಿದ್ದರು, ಇದು ತಪ್ಪಿ ಅಂದದ್ದಲ್ಲ.

ಪ್ರತಿದಿನ ಮುಂಜಾನೆ ಪರೀಕ್ಷೆ. ಮುಚ್ಚಳ ತೆಗೆದು ಮೂಗು ಹಾಕುವರು, ಕೋಲಿನಿಂದ ಕೆದಕುವರು, ಸೆರಗಿನ ಗಂಟಿನಿಂದ ಸೀಮೆಸುಣ್ಣ ತೆಗೆದು ಮುಚ್ಚಳದ ಮೇಲೆ, ‘ದುಃಖ’ದ ಕೆಳಗೆ, ಹತ್ತಕ್ಕೆ ಇಷ್ಟು ಅಂತ ಬರೆಯುವರು. ದುಃಖ, ನಾಲ್ಕು. ದುಃಖ, ಐದು. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದ ಚೂರು ಒಂದು ಸಿಕ್ಕರೆ ಒಂದು ಅಂಕ ಕಟ್. ಒಮ್ಮೆ ನನ್ನ ಗಂಡ ಕಡಲೆ ತಿಂದು ಕಾಗದದ ಪೊಟ್ಟಣವನ್ನು ತಪ್ಪು ಬುಟ್ಟಿಗೆ ಹಾಕಿ ಸಿಕ್ಕಿಬಿದ್ದರು. ಐವತ್ತು ದಾಟಿದ ಮನುಷ್ಯನನ್ನು ಗಲ್ಲಾ ಬಿಡಿಸಿ ಹಿತ್ತಲಿಗೆ ಕರೆಸಿ, ಎಲ್ಲರ ಮುಂದೆ ಪೊಟ್ಟಣ ಎತ್ತಿಸಿದರು. ನನಗೆ ಎಂಥ ಖುಷಿ ಆಯಿತು ಗೊತ್ತಾ! ಇಪ್ಪತ್ತು ವರ್ಷದಲ್ಲಿ ನನ್ನಿಂದ ಆಗದ್ದನ್ನು ಅಕ್ಕೋರು ಒಂದು ವಾರದಲ್ಲಿ ಮಾಡಿದ್ದರು.

ಒಣ ಎಲೆಗೆ ಎಲ್ಲಿ ಹೋಗುವುದು? ನಮ್ಮ ಬೀದಿ ಗುಡಿಸುವವರು ಎಲೆ ಒಟ್ಟು ಮಾಡಿ ಮೂಲೆಯಲ್ಲಿ ಸುಡುತ್ತಿದ್ದರು, ಬೆಳಗಾದರೆ ಬೀದಿಯೆಲ್ಲ ಹೊಗೆ. ಅಕ್ಕೋರು ಅವರಿಗೆ ಚಹಾ ಕೊಡಿಸಿ ಎಲೆಯ ಚೀಲಗಳನ್ನು ನಮ್ಮ ಹಿತ್ತಲಿಗೆ ತಿರುಗಿಸಿದರು. ಹೊಗೆಯೂ ನಿಂತಿತು, ಎಲೆಯೂ ಸಿಕ್ಕಿತು.

ಮೂರನೇ ವಾರದಲ್ಲಿ ಕೆಟ್ಟಿತು. ಒಂದು ಮದುವೆ ಪಾರ್ಟಿಯ ಆರ್ಡರು ರದ್ದಾಗಿ ಸಾಂಬಾರು ಒಂದು ಹಂಡೆ ಉಳಿದಿತ್ತು. ಚರಂಡಿಗೆ ಚೆಲ್ಲುವುದು ಪಾಪ ಅಂತ ನಮ್ಮ ಸಾಧು ಭಟ್ಟರು ಅಷ್ಟನ್ನೂ ದುಃಖದ ಡ್ರಮ್ಮಿಗೆ ಸುರಿದುಬಿಟ್ಟರು. ಮರುದಿನ ಮುಚ್ಚಳ ತೆಗೆದರೆ... ಅಬ್ಬಬ್ಬಾ, ಆ ವಾಸನೆ! ಹುಳ ಮಿಜಿಗುಡುತ್ತಿತ್ತು. ಹಿಂದಿನ ಬೀದಿಯವರು ಗೋಡೆಯಾಚೆಯಿಂದ ಕೂಗಿದರು. ತಪಾಸಣೆಗೆ ಉಳಿದದ್ದು ಎಂಟೇ ದಿನ. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಮುಗಿಯಿತು, ಬೀಗ ಬಿತ್ತು ಅಂತಲೇ ಅನ್ನಿಸಿತು.

ಅಕ್ಕೋರು ಬಂದರು. ಭಟ್ಟರನ್ನು ಬೈಯಲಿಲ್ಲ. ಮೂಗು ಕೂಡ ಮುಚ್ಚದೆ ಮೊಳಕೈತನಕ ಡ್ರಮ್ಮಿನೊಳಗೆ ಕೈ ಇಳಿಸಿ ಒಂದು ಮುಷ್ಟಿ ತೆಗೆದು ಹಿಂಡಿದರು. ಬೆರಳ ಸಂದಿಯಿಂದ ನೀರು ತೊಟತೊಟ ಇಳಿಯಿತು.

“ಅಳಲಿಕ್ಕತ್ತದ, ಮತ್ತೇನಿಲ್ಲ. ಅಳೂ ಕೂಸಿಗೆ ಏನ್ ಮಾಡ್ತಾರ? ಒಣಾ ಅರಿವಿ ಹಾಕ್ತಾರ. ಏಳು, ಎಲಿ ಚೀಲ ತಾ.”

ಅವತ್ತು ಮಧ್ಯಾಹ್ನ ನಾವೆಲ್ಲ ಸೇರಿ ಡ್ರಮ್ಮನ್ನು ಪೂರಾ ಹೊರಗೆ ಮಗುಚಿ, ಒಣ ಎಲೆ, ತೆಂಗಿನ ನಾರು ಬೆರೆಸಿ, ಹುಳಿ ಮಜ್ಜಿಗೆ ಚಿಮುಕಿಸಿ, ಮತ್ತೆ ತುಂಬಿದೆವು. ಭಟ್ಟರು ಕಣ್ಣೊರೆಸಿಕೊಳ್ಳುತ್ತಾ ಎಲ್ಲರಿಗಿಂತ ಹೆಚ್ಚು ದುಡಿದರು. ಸಂಜೆ ಅಕ್ಕೋರು ಮುಚ್ಚಳದ ಮೇಲೆ ‘ಎರಡು’ ಅಂತ ಬರೆದು, ಸ್ವಲ್ಪ ಯೋಚಿಸಿ, ‘ದುಡಿದದ್ದಕ್ಕೆ ಮತ್ತೆ ಎರಡು’ ಅಂತ ಸೇರಿಸಿದರು. ನಾಲ್ಕು ದಿನಕ್ಕೆ ವಾಸನೆ ಇಳಿಯಿತು. ಆರನೇ ದಿನ ಒಳಗೆ ಕೈ ಹಾಕಿದರೆ ಬೆಚ್ಚಗಿತ್ತು, ಆಗ ತಾನೇ ಇಳಿಸಿದ ಪಾತ್ರೆಯ ಹಾಗೆ. “ನೋಡು, ಬೇಯಲಿಕ್ಕತ್ತದ” ಅಂದರು ಅಕ್ಕೋರು, ಮಗಳು ಬಸಿರಾದ ಸುದ್ದಿ ಹೇಳುವವರ ಹಾಗೆ ಮುಖ ಅರಳಿಸಿ.

ತಪಾಸಣೆಯ ದಿನ ಬಂತು. ಸಾಹೇಬರು ಹಿತ್ತಲಿಗೆ ಬಂದರು. ಅಕ್ಕೋರು ಮೇಲಿನ ಕಿಟಕಿಯಲ್ಲಿ ನಿಂತಿದ್ದರು. ಪರೀಕ್ಷೆಗೆ ಕೂತವರು ಮಕ್ಕಳು, ತಾವಲ್ಲ ಅಂತ ಅವರ ಹಟ. ಸಾಹೇಬರು ಸುತ್ತ ಕಣ್ಣಾಡಿಸಿ, ಎದುರು ಸಿಕ್ಕ ಭಟ್ಟರನ್ನೇ ಕೇಳಿದರು: “ಓಲಾ ಕುಠೇ ಟಾಕತಾ?” ಹಸಿ ಕಸ ಎಲ್ಲಿ ಹಾಕುತ್ತೀರಿ?

ಭಟ್ಟರು ತಿಂಗಳಿಡೀ ಕಲಿತದ್ದು ಸುಖ, ದುಃಖ. ಓಲಾ ಅನ್ನುವ ಪದ ಅವರ ತಲೆಗೆ ಇಳಿದೇ ಇರಲಿಲ್ಲ. ಓಲೆ ಗೊತ್ತಿತ್ತು! ಮುಖ ಬೆಳಗಿತು. ತಮಗೂ ಉತ್ತರ ಗೊತ್ತಿರುವ ಪ್ರಶ್ನೆ ಬಂತಲ್ಲ ಅಂತ ತಮ್ಮ ಹರಕು ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದರು: “ಬಾಹೇರ ಸಾಹೇಬ! ರಸ್ತ್ಯಾವರ! ಲಾಲ ಡಬ್ಬಾ!”

ಹೊರಗೆ. ರಸ್ತೆಯ ಮೇಲೆ. ಕೆಂಪು ಡಬ್ಬಿಗೆ!

ಸಾಹೇಬರ ಹುಬ್ಬು ಗಂಟಾಯಿತು. ಪೆನ್ನು ತೆಗೆದೇಬಿಟ್ಟರು. ಇಡೀ ಜನ್ಮದಲ್ಲಿ ನನಗೆ ಮಾತು ಸಿಗದೆ ಹೋದದ್ದು ಅದೊಂದೇ ಸಲ. ನನ್ನ ಗಂಡ ‘ನೋಡೋಣ’ ಅನ್ನುವುದನ್ನೂ ಮರೆತು ಕಂಬದ ಹಾಗೆ ನಿಂತರು. ಭಟ್ಟರು ಮಾತ್ರ ನಗುತ್ತಾ, ತಿಂಗಳಿಗೊಂದು ಸಲ ಹಾಕುತ್ತೇನೆ ಅಂತ ಬೆರಳು ತೋರಿಸುತ್ತಿದ್ದರು.

ಆಗ ಮೇಲಿನ ಕಿಟಕಿಯಿಂದ ಗುಡುಗು ಬಂತು. “ಸಾಹೇಬ, ಥಾಂ‍ಬಾ!” ನಿಲ್ಲಿ! ಅಕ್ಕೋರು ಮೊಣಕಾಲು ನೋವನ್ನೂ ಮರೆತು ದಡದಡ ಇಳಿದು ಬಂದರು. ಬಂದವರೇ ಭಟ್ಟರ ಅಂಗಿಯ ಜೇಬಿಗೆ ಕೈ ಹಾಕಿ, ಅವತ್ತು ಅಂಚೆಗೆ ಹಾಕಬೇಕಿದ್ದ ಪತ್ರವನ್ನು ತೆಗೆದು ಸಾಹೇಬರ ಮುಂದೆ ಹಿಡಿದರು. “ಹಾ ತ್ಯಾಚಾ ಓಲಾ!” ಇದು ಅವನ ಓಲಾ! ತಮ್ಮ ಹರಕು ಮುರುಕು ಮರಾಠಿಯಲ್ಲಿ ಓಲೆಯ ಕಥೆ, ಅಮ್ಮನ ಕಥೆ, ಕೆಂಪು ಡಬ್ಬಿಯ ಕಥೆ ಹೇಳಿದರು. ಹೇಳಿ, “ನಮ್ಮಲ್ಲಿ ಹಸಿ ಕಸಕ್ಕೆ ದುಃಖ ಅಂತಾರೆ” ಅಂತ ಸೇರಿಸಿದರು.

ಸಾಹೇಬರು ಅಕ್ಕೋರ ಮುಖ ನೋಡಿದರು. “ಮ್ಹಣಜೇ ತೇ ಪತ್ರ ತುಮ್ಹೀಚ!” ಅಂದರೆ ಆ ದೂರು ನಿಮ್ಮದೇ! ಆಮೇಲೆ ಅವರು ನಕ್ಕ ನಗು... ಹಿತ್ತಲ ಗೋಡೆಯ ಮೇಲಿನ ಪಾರಿವಾಳ ಎಲ್ಲ ಹಾರಿಹೋದವು. ನಗು ಮುಗಿಸಿ ಮುಚ್ಚಳ ತೆಗೆದರು. ಮೂಗು ಹಾಕಿದರು. ಕೆಳಗಿನ ಪದರದಿಂದ ಒಂದು ಮುಷ್ಟಿ ತೆಗೆದು ಮೂಸಿ ನೋಡಿದರು. ಅರ್ಧಕ್ಕರ್ಧ ಕಂದು ಮಣ್ಣಾಗಿತ್ತು. ನೋಟೀಸಿನ ಮೇಲೆ ‘ಸರಿಯಾಗಿದೆ’ ಅಂತ ಬರೆದು ಸಹಿ ಹಾಕಿದರು. ನನ್ನ ಗಂಡ ಓಡಿಹೋಗಿ ಮಾವನ ಫೋಟೋದ ಮುಂದೆ ನಿಂತದ್ದು ನಾನು ಬಾಗಿಲ ಸಂದಿನಿಂದ ನೋಡಿದೆ.

ಅಕ್ಕೋರು ಸೀಮೆಸುಣ್ಣ ತೆಗೆದು ಮುಚ್ಚಳದ ಮೇಲೆ ‘ಒಂಬತ್ತು’ ಅಂತ ಬರೆದರು.

“ದಹಾ ಕಾ ನಾಹೀ, ಬಾಯಿ?” ಹತ್ತು ಯಾಕಿಲ್ಲ ಅಂತ ಸಾಹೇಬರೇ ನಮ್ಮ ಪರ ಕೇಳಿದರು.

“ಹತ್ತು ಕೊಟ್ರ ನಾಳೆ ಏನ್ ಮಾಡ್ತಾರ?” ಅಂದರು ಅಕ್ಕೋರು, ಸಾಹೇಬರಿಗೆ ತಿಳಿಯಲಿ ಬಿಡಲಿ, ಕನ್ನಡದಲ್ಲೇ.

ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರೇ ಇರಲಿಲ್ಲ. ಕಾಗದದ ಕಪ್ಪು ಹೋಗಿ ಸ್ಟೀಲ್ ಲೋಟ ಬಂತು. ಪಾರ್ಸಲ್ಲಿಗೆ ಮನೆಯಿಂದ ಡಬ್ಬಿ ತಂದವರಿಗೆ ಒಂದು ವಡೆ ಹೆಚ್ಚಿಗೆ ಅಂತ ಅವರೇ ಘೋಷಿಸಿಬಿಟ್ಟರು, ನನ್ನನ್ನು ಒಂದು ಮಾತೂ ಕೇಳದೆ. ಮೂಸಂಬಿ ಸಿಪ್ಪೆಗೆ ಬೆಲ್ಲ, ನೀರು ಹಾಕಿ ಮೂರು ತಿಂಗಳು ಕೊಳೆಸಿದರೆ ನೆಲ ಒರೆಸುವ ನೀರಾಗುತ್ತದೆ ಅಂತ ಮಾಡಿ ತೋರಿಸಿದರು. ಹೋಟೆಲೆಲ್ಲ ಮೂಸಂಬಿ ಘಮ. ಅವರ ಹಳೇ ವಿದ್ಯಾರ್ಥಿಗಳು ಊರೆಲ್ಲ ಇದ್ದರಲ್ಲ, ಒಬ್ಬೊಬ್ಬರನ್ನೇ ಹಿಡಿದರು. ಹಡಪಸರದ ಕಾರ್ಖಾನೆಯಲ್ಲಿ ಸೂಪರ್ವೈಸರ್ ಆಗಿದ್ದವನ ಮನೆಗೆ ಹೋಗಿ, ಕಿವಿ ಹಿಡಿದು, ಯಂತ್ರ ತೊಳೆದ ನೀರನ್ನು ಸೋಸಿ ಕಾರ್ಖಾನೆಯ ತೋಟಕ್ಕೆ ಬಿಡಿಸುವ ತನಕ ಬಿಡಲಿಲ್ಲ. ಅವನ ಕ್ಯಾಂಟೀನಿಗೆ ಪಾಠ ಹೇಳಲಿಕ್ಕೆ ನಮ್ಮ ಭಟ್ಟರನ್ನೇ ಕಳಿಸಿದರು. ಭಟ್ಟರು ಇಸ್ತ್ರಿ ಅಂಗಿ ಹಾಕಿ, ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಹೋದರು. ಹೊಲಿಗೆ ಕಾರ್ಖಾನೆ ಇಟ್ಟಿದ್ದ ಇನ್ನೊಬ್ಬಳಿಂದ ಬಟ್ಟೆಯ ಚೂರು ತರಿಸಿ, ಜೋಡಿಸಿ ಚೀಲ ಹೊಲಿಸಿದರು. ನಮ್ಮ ಗೊಬ್ಬರ ಹಾಕಿದ ಗುಲಾಬಿ ಕ್ಯಾಂಪಿನ ಎಷ್ಟೋ ಅಂಗಳಗಳಲ್ಲಿ ಅರಳಿತು. ಕೇಳಿದವರಿಗೆ ನಾನು ಎದೆ ಉಬ್ಬಿಸಿ, “ನಮ್ಮ ಹೋಟೆಲಿನ ದುಃಖ” ಅನ್ನುತ್ತಿದ್ದೆ.

ಆ ಕಿಟಕಿ ಮತ್ತೆ ಢಬ್ ಅಂತ ಮುಚ್ಚಲಿಲ್ಲ. ದಿನವೂ ಹತ್ತು ಗಂಟೆಗೆ ಅಲ್ಲಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತಿತ್ತು, ಅದರಲ್ಲಿ ನಾನು ಎರಡು ಇಡ್ಲಿ ಇಟ್ಟು ಮೇಲೆ ಕಳಿಸುತ್ತಿದ್ದೆ.

ಮೊಣಕಾಲು ಪೂರಾ ಕೈಕೊಟ್ಟಾಗ ಅವರ ತಂಗಿಯ ಮಗಳು ಬಂದು ಊರ ಹೊರಗಿನ ಖರಾಡಿಯ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದಳು. ಅಲ್ಲಿ ಲಿಫ್ಟು ಇದೆ ಅಂತ. ಹೊರಟ ದಿನ ಟ್ಯಾಕ್ಸಿ ಕಾಯಿಸಿ ಹಿತ್ತಲಿಗೆ ಬಂದರು. ಅವತ್ತಾದರೂ ಹತ್ತು ಸಿಗುತ್ತದೆ ಅಂತ ನಾವೆಲ್ಲ ಕಾದಿದ್ದೆವು, ಭಟ್ಟರಂತೂ ಬೆಳಗ್ಗೆ ಎದ್ದು ಡ್ರಮ್ಮಿಗೆ ಸ್ನಾನವನ್ನೇ ಮಾಡಿಸಿದ್ದರು. ಅಕ್ಕೋರು ಮೂಸಿದರು, ಕೆದಕಿದರು, ಬರೆದರು: ‘ಒಂಬತ್ತೂವರೆ’.

“ಉಳಿದ ಅರ್ಧಾ ಮತ್ತ ಬಂದಾಗ ಕೊಡ್ತೀನಿ.”

ಬಿಕ್ಕಿಬಿಕ್ಕಿ ಅತ್ತೆ ನಾನು. ಆ ಮುಚ್ಚಳವನ್ನು ಯಾರೂ ಮುಟ್ಟಬಾರದು ಅಂತ ಬೇರೆ ಮುಚ್ಚಳ ತರಿಸಿದೆ. ಅಕ್ಷರ ಅಳಿಸದ ಹಾಗೆ ಕಾಗದ ಸುತ್ತಿ ಅಟ್ಟಕ್ಕೆ ಏರಿಸಿಟ್ಟೆ, ಅವರು ಬಂದು ಅರ್ಧ ಸೇರಿಸಲಿ ಅಂತ.

ಅವರು ಬರಲಿಲ್ಲ. ನಾವೇ ಹೋಗಿ ಬರುತ್ತಿದ್ದೆವು, ಇಡ್ಲಿ ಕಟ್ಟಿಕೊಂಡು, ಡಬ್ಬಿಯಲ್ಲೇ. ಹೋದ ವರ್ಷ ಒಂದು ಮುಂಜಾನೆ ಅವರ ತಂಗಿಯ ಮಗಳ ಫೋನು ಬಂತು... ದಿನಕರ್ಮದ ಊಟಕ್ಕೆ ಹೋದಾಗ ಅವರ ಕಟ್ಟಡದ ಕೆಳಗಿನ ಹಜಾರದಲ್ಲಿ ಐಟಿ ಹುಡುಗ ಹುಡುಗಿಯರು ವೃತ್ತವಾಗಿ ಕೂತಿದ್ದರು, ಫೋಟೋಕ್ಕೆ ಹಾಕಿದ್ದ ಹಾರಗಳನ್ನು ಮಡಿಲಲ್ಲಿ ಇಟ್ಟುಕೊಂಡು. ನಾನೂ ಒಂದು ಹಾರ ಎತ್ತಿ ಬುಟ್ಟಿಗೆ ಹಾಕಲು ಹೋದೆ. ಬೆಂಗಳೂರಿನ ಹುಡುಗಿಯೊಬ್ಬಳು ಕೈ ಹಿಡಿದಳು.

“ಆಂಟಿ, ಹಾಗೇ ಹಾಕ್ಬೇಡಿ. ಹೂವೆಲ್ಲ ದುಃಖಕ್ಕೆ, ಪ್ಲಾಸ್ಟಿಕ್ ದಾರ ಸುಖಕ್ಕೆ. ಮಿಕ್ಸ್ ಆದ್ರೆ ಟೀಚರ್ ಮಾರ್ಕ್ಸ್ ಕಟ್ ಮಾಡ್ಬಿಡ್ತಾರೆ.”

ಹನ್ನೊಂದು ಮಹಡಿಯ ಆ ಕಟ್ಟಡದಲ್ಲೂ ಬುಟ್ಟಿಗಳ ಮೇಲೆ ಅದೇ ಎರಡು ಪದ! ನಾನು ಮೊದಲು ನಕ್ಕೆ, ಆಮೇಲೆ ಆ ಮಕ್ಕಳ ನಡುವೆಯೇ ಕೂತು ಜೋರಾಗಿ ಅತ್ತೆ. ಅಳುತ್ತಾ ಅಳುತ್ತಾ ದಾರದಿಂದ ಹೂವು ಬಿಡಿಸಿದೆ.

ಈಗ ಹೇಳಿಬಿಡುತ್ತೇನೆ. ಹೋದ ವಾರ ಏಣಿಯ ಮೇಲೆ ನಿಂತು ಹೊಸ ಭಟ್ಟರು ಮುಚ್ಚಳ ಒರೆಸಿದರಲ್ಲ, ಆ ಒದ್ದೆ ಬಟ್ಟೆಗೆ ಧೂಳಿನ ಜೊತೆ ಅಕ್ಕೋರ ಒಂಬತ್ತೂವರೆಯೂ ಹೋಯಿತು. ಸುತ್ತಿದ್ದ ಕಾಗದವನ್ನು ಎಂದೋ ಇಲಿ ತಿಂದಿತ್ತು. ಪಾಪ, ಅವರಿಗೇನು ಗೊತ್ತು? ನಗು ನಿಂತ ಮೇಲೆ ನನಗೆ ಅದು ಕಣ್ಣಿಗೆ ಬಿತ್ತು. ಕೋಪ ಬರಬೇಕಿತ್ತು, ಬರಲಿಲ್ಲ. ಬರಬೇಕಾಗಿದ್ದ ಅರ್ಧ ಇನ್ನು ಬರುವುದಿಲ್ಲ, ಬಂದ ಒಂಬತ್ತೂವರೆಯೂ ಇಲ್ಲ. ಉಳಿದದ್ದು ಎರಡು ಬೆರಳಿನ ಗುರುತು ಮಾತ್ರ.

ಮುಚ್ಚಳವನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ. ಹಿತ್ತಲ ಡ್ರಮ್ಮಿಗೆ ಮುಚ್ಚಿದೆ. ಹೊಸ ಭಟ್ಟರನ್ನು ನಿಲ್ಲಿಸಿ ಪಾಠ ಹೇಳಿದೆ. ಹಸಿ ಇದ್ದದ್ದೆಲ್ಲ ಇದಕ್ಕೆ, ಮೇಲೆ ಒಣ ಎಲೆ, ಸಾಂಬಾರು ಸುರಿದಿರೋ ಜಾಗ್ರತೆ. ಒಂದು ವಾರ ಬಹಳ ಶ್ರದ್ಧೆಯಿಂದ ಮಾಡಿದರು. ಇವತ್ತು ಮುಂಜಾನೆ ಮುಚ್ಚಳ ತೆಗೆದು ಮೂಗು ಹಾಕಿದೆ. ವಾಸನೆ ಇಲ್ಲ. ಕೈ ಇಳಿಸಿದೆ, ಬೆಚ್ಚಗಿತ್ತು. ಸೆರಗಿನಿಂದ ಸೀಮೆಸುಣ್ಣ ತೆಗೆದು, ಎರಡು ಚುಕ್ಕೆ ಅಳಿಯದ ಹಾಗೆ ನೋಡಿಕೊಂಡು, ಕೆಳಗೆ ಬರೆದೆ: ‘ಒಂಬತ್ತು’.

ಭಟ್ಟರ ಮುಖ ಸಣ್ಣದಾಯಿತು. “ಹತ್ತು ಯಾಕಿಲ್ಲ ಅಕ್ಕ? ಎಂಥ ತಪ್ಪಾಯ್ತು?”

ಮೇಲಿನ ಕಿಟಕಿ ತೆರೆದಿತ್ತು. ಈಗ ಅಲ್ಲಿ ಬೇರೆ ಯಾರೋ ಇದ್ದಾರೆ, ಯಾರದೋ ಟವೆಲು ಒಣಗುತ್ತಿತ್ತು. ಆಮೇಲೆ ನನ್ನ ಕುಂದಾಪುರದ ಬಾಯಿಯಿಂದ, ನಾನು ಕರೆಯದೆಯೇ, ಧಾರವಾಡದ ಕನ್ನಡ ಬಂತು.

“ಹತ್ತು ಕೊಟ್ರ ನಾಳೆ ಏನ್ ಮಾಡ್ತೀರಿ?”